ಎದ್ದು ನಿಂತ ಕೆಂಪು

ಆ ಊರಿನ ದಾರಿ ಕೇಳಬೇಡಿ, ನನಗೂ ಗೊತ್ತಿಲ್ಲ. ಹೋಗಿಬಂದವರ ಬಾಯಿಂದ ಕೇಳಿದವರು ನನಗೆ ಹೇಳಿದ್ದು. ಎರಡು ಕಡಲುಗಳನ್ನು ಕೂಡಿಸುವ ಇಕ್ಕಟ್ಟಾದ ನೀರು, ಆ ನೀರಿನ ದಡದಲ್ಲಿ ಊರು, ಊರಿನ ನಡುವೆ ಗುಮ್ಮಟದ ಮನೆ, ಆ ಮನೆಯೊಳಗೆ ಒಂದು ಗೋಡೆ. ಆ ಊರಿನಲ್ಲಿ ಸತ್ತವರು ಮಣ್ಣು ಸೇರಿದ ಮಾತ್ರಕ್ಕೆ ಹೋದರು ಅಂತಲ್ಲ. ಅವರು ಗೋಡೆ ಸೇರಬೇಕು. ಗೋಡೆಯ ಮೇಲೆ ಹೂವಾಗಬೇಕು. ಆ ಹೂವು ಸಮವಾಗಬೇಕು. ಆಮೇಲೆ ಹೋದ ಹಾಗೆ.

ಸತ್ತವರಿಗೆ ಒಬ್ಬೊಬ್ಬರಿಗೆ ಆ ಗೋಡೆಗೆ ಕೂರಿಸುವ ಒಂದೊಂದು ಪಿಂಗಾಣಿ ಬಿಲ್ಲೆ. ಕೆನೆಹಾಲಿನ ಬಿಳಿ, ಅಂಗೈಗಿಂತ ತುಸು ದೊಡ್ಡದು. ಅದರ ಮೇಲೆ ಯಾವ ಚಿತ್ರ ಬರೆಯಬೇಕು ಎನ್ನುವುದನ್ನು ಅವರು ಬದುಕಿದ ರೀತಿಯೇ ಹೇಳುತ್ತಿತ್ತು. ಮೊಮ್ಮಕ್ಕಳನ್ನು ಎತ್ತಿ ಆಡಿಸಿ ಹೋದವರಿಗೆ ಬಿರಿದ ದಾಳಿಂಬೆ. ತಾಯಂದಿರಿಗೆ ಅಂಚು ಸೀಳಿದ ಕಾರ್ನೇಷನ್ ಹೂವು. ಮಾತು ಹರಿತವಾಗಿದ್ದವರಿಗೆ ಗರಗಸದ ಅಂಚಿನ, ಬಾಗಿದ ಉದ್ದನೆಯ ಎಲೆ. ಸಾವಿನ ಮನೆಯಲ್ಲೂ ಅಷ್ಟು ತಮಾಷೆ ಮಾಡಬಲ್ಲ ಜನ ಅವರು. ಕಾಳಗಕ್ಕೆ ಹೋಗಿ ಬಾರದವರಿಗೆ ಮೂರು ಬೊಟ್ಟು, ಅವುಗಳ ಕೆಳಗೆ ಹುಲಿಯ ಪಟ್ಟೆಯಂಥ ಜೋಡಿ ಅಲೆ. ಮದುವೆಯಾಗದೆ ಹೋದವರಿಗೆ ಟ್ಯುಲಿಪ್. ಒಂದೇ ದಂಟು, ಒಂದೇ ಹೂವು, ಚೂಪು ತುದಿಯ ಎಸಳು, ಅಕ್ಕಪಕ್ಕದಲ್ಲಿ ಯಾರೂ ಇಲ್ಲ.

ಚಿತ್ರ ಯಾವುದೇ ಇರಲಿ, ಅದರಲ್ಲಿ ಕೆಂಪು ಇರಲೇಬೇಕು. ನೀಲಿಯೂ ಹಸಿರೂ ಬೆಂಕಿಗೆ ಹೋದರೆ ಬಿಲ್ಲೆಯ ಗಾಜಿನಂಥ ಮೆರುಗಿನೊಳಗೆ ಇಳಿದು ಮಲಗಿಬಿಡುತ್ತವೆ. ಕೆಂಪು ಮಾತ್ರ ಮಲಗುವುದಿಲ್ಲ, ಬಿಲ್ಲೆಯ ಮೇಲೆ ಉಬ್ಬಿ ಎದ್ದು ನಿಲ್ಲುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಇಲ್ಲಿದೆ ಕೆಂಪು ಎಂದು ಹೇಳಬಹುದು. ಊರಿನ ನಿಯಮ ನಿಂತಿದ್ದು ಆ ಉಬ್ಬಿನ ಮೇಲೆ. ಸತ್ತವರ ಮನೆಯವರು ದಿನಾ ಬಂದು ಆ ಕೆಂಪನ್ನು ತೋರುಬೆರಳಿನಿಂದ ತೀಡಬೇಕು. ತೀಡಿ ತೀಡಿ ಅದು ಸಮವಾಗುವ ತನಕ ಆ ಮನೆಯಲ್ಲಿ ದುಃಖ. ದುಃಖದ ಮನೆಯಲ್ಲಿ ಹಾಡಿಲ್ಲ, ಮದುವೆಯಿಲ್ಲ, ದೋಣಿ ಹತ್ತಿ ನೀರು ದಾಟುವಂತಿಲ್ಲ. ಬೇರೆಯವರ ಹೂವನ್ನು ಮುಟ್ಟುವಂತೆಯೂ ಇಲ್ಲ. ಅವರವರ ಸತ್ತವರು ಅವರವರ ಬೆರಳಿಗೆ.

ಪ್ರತಿ ವಸಂತದಲ್ಲಿ ತೋಟದ ಟ್ಯುಲಿಪ್ ಮೊಗ್ಗು ಬಿಟ್ಟ ದಿನ ಪರೀಕ್ಷೆ. ಸತ್ತವರಿಗೆ ಎಲ್ಲರಿಗಿಂತ ಹತ್ತಿರದವರು ಕಣ್ಣು ಮುಚ್ಚಿ ಹೂವಿನ ಮೇಲೆ ಬೆರಳಿಟ್ಟು, 'ಎದ್ದಿದೆ' ಎನ್ನಬೇಕು, ಇಲ್ಲವೇ 'ಸಮವಾಯಿತು' ಎನ್ನಬೇಕು. ಅವರ ಹಿಂದೆ ಗೋಡೆ ಕಾಯುವ ಮುದುಕನೂ ಬೆರಳಿಟ್ಟು ನೋಡಿ ಅದೇ ಮಾತನ್ನು ಹೇಳುತ್ತಿದ್ದ. ಸಮವಾಯಿತು ಎಂದಾದರೆ ಆತ ಬಾಗಿಲಿಗೆ ಬಂದು ಸತ್ತವರ ಹೆಸರನ್ನು ಕಡಲಿನ ಕಡೆಗೆ ಕೂಗುತ್ತಿದ್ದ. ಅಲ್ಲಿಗೆ ಆ ಹೆಸರು ಊರಿನದು. ಯಾರ ಮನೆಯ ಕೂಸಿಗಾದರೂ ಇಟ್ಟುಕೊಳ್ಳಬಹುದು. ಸತ್ತವರ ಮನೆಯವರು ಮಾತ್ರ ಇನ್ನೆಂದೂ ಆ ಹೆಸರನ್ನು ಬಾಯಲ್ಲಿ ತರುವ ಹಾಗಿಲ್ಲ.

ಇಷ್ಟು ಊರಿನ ಸಂಗತಿ. ಇನ್ನು ಕೆಂಪಿಡುವವಳ ಸಂಗತಿ.

ಬಿಲ್ಲೆ ಮಾಡುವ ಅಂಗಳದಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡುತ್ತಿರಲಿಲ್ಲ. ಸೂಜಿಯವನು ಕಾಗದದ ಮೇಲಿನ ಹೂವಿನ ಗೆರೆಯುದ್ದಕ್ಕೂ ತೂತು ಚುಚ್ಚುತ್ತಿದ್ದ. ಇದ್ದಿಲಿನವನು ಆ ತೂತುಗಳ ಮೂಲಕ ಇದ್ದಿಲ ಪುಡಿ ಉದುರಿಸಿ ಬಿಲ್ಲೆಯ ಮೇಲೆ ಚುಕ್ಕಿ ಮೂಡಿಸುತ್ತಿದ್ದ, ನಮ್ಮಲ್ಲಿ ತೂತಿನ ಡಬ್ಬಿಯಿಂದ ರಂಗೋಲಿ ಬಿಡುವ ಹಾಗೆ. ಗೆರೆಯವನು ಚುಕ್ಕಿಗಳನ್ನು ಕಪ್ಪು ಗೆರೆಯಿಂದ ಕೂಡಿಸುತ್ತಿದ್ದ. ನೀಲಿಯವನು ನೀಲಿ ತುಂಬುತ್ತಿದ್ದ, ಹಸಿರಿನವನು ಹಸಿರು. ಎಲ್ಲರ ಕೈ ದಾಟಿ ಕೊನೆಗೆ ಬಿಲ್ಲೆ ಬರುತ್ತಿದ್ದುದು ಕೆಂಪಿಡುವವಳ ಮುಂದೆ. ಆಕೆ ಇಡುತ್ತಿದ್ದುದು ಕೆಂಪಲ್ಲ, ಬೆಟ್ಟದಿಂದ ತಂದು ಅರೆದ ಕಂದು ಮಣ್ಣು. ಅದು ಕೆಂಪಾಗುವುದು ಆವಿಗೆಯ ಬೆಂಕಿಯಲ್ಲಿ. ಬೆಂಕಿಯಿಂದ ಹೊರಬಂದ ಬಿಲ್ಲೆಯನ್ನು ಬಟ್ಟೆಯಲ್ಲಿ ಸುತ್ತಿ ಸತ್ತವರ ಮನೆಯವರ ಕೈಗೆ ಕೊಟ್ಟುಬಿಡುತ್ತಿದ್ದರು. ಹಾಗಾಗಿ ಊರಿನ ಅಷ್ಟೊಂದು ಹೂಗಳಿಗೆ ಕೆಂಪಿಟ್ಟ ಅವಳು ಅವುಗಳ ಸುಟ್ಟ ಕೆಂಪನ್ನು ಒಮ್ಮೆಯೂ ಮುಟ್ಟಿದವಳಲ್ಲ.

ಅವಳು ಆ ಊರಿನವಳೂ ಅಲ್ಲ. ಎಲ್ಲಿಂದಲೋ ಒಂದು ದೋಣಿಯಲ್ಲಿ, ಸೊಂಟದ ಮೇಲೊಂದು ಹೆಣ್ಣು ಕೂಸು, ಸೆರಗು ಹಿಡಿದುಕೊಂಡ ಒಂದು ಗಂಡು ಕೂಸು, ಇವರೊಂದಿಗೆ ಬಂದಿಳಿದವಳು. ಗೋಡೆಯ ಮೇಲೆ ಅವಳವರು ಎಂದು ಯಾರೂ ಇರಲಿಲ್ಲ. ದುಃಖ ಮೆತ್ತದ ಕೈ ಇದು ಎಂದು ಊರಿನವರೇ ಕರೆದು ಕೆಂಪಿನ ಕೆಲಸ ಕೊಟ್ಟರು. ಮಗ ಬೆಳೆದು ಬೆಟ್ಟದಿಂದ ಮಣ್ಣು ಅಗೆದು ತರುವವನಾದ. ಮಗಳು ಅದನ್ನು ಅರೆದು ಸೋಸುವವಳಾದಳು. ಮೂವರದೂ ಉಗುರಿನ ಸಂದಿಯಲ್ಲಿ ಒಂದೇ ಮಣ್ಣು.

ಒಂದು ದಿನ ಆ ಮಣ್ಣಿನ ಗುಂಡಿ ಕುಸಿಯಿತು. ಮಗ ಒಳಗಿದ್ದ. ಅವನು ಮೇಲಕ್ಕೆ ಎತ್ತಿ ಕೊಟ್ಟಿದ್ದ ಕೊನೆಯ ಬುಟ್ಟಿ ಮಾತ್ರ ಗುಂಡಿಯ ಅಂಚಿನಲ್ಲಿ ಉಳಿದಿತ್ತು. ಜನ ಅವನನ್ನು ತೆಗೆದು ತಂದರು, ಮಣ್ಣಿಗೆ ಕೊಟ್ಟರು, ಅವಳ ಮುಂದೆ ಟ್ಯುಲಿಪ್ ಬರೆದ ಬಿಲ್ಲೆ ತಂದಿಟ್ಟರು. 'ಇದನ್ನು ಬೇರೆ ಯಾರಾದರೂ ಮಾಡಲಿ' ಎಂದರು ಕೆಲವರು. ಬೇರೆ ಯಾರಿಗೆ ಬರುತ್ತಿತ್ತು? ಅವಳೇ ಕೂತಳು. ಕೊನೆಯ ಬುಟ್ಟಿಯ ಮಣ್ಣನ್ನು ಅರೆದು ಎಸಳಿನೊಳಗೆ ಇಟ್ಟಳು. ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ಸಲ ಇಟ್ಟಳು. ಅದೂ ಒಣಗಿತು, ಮತ್ತೆ ಇಟ್ಟಳು. ಸುತ್ತ ಇದ್ದವರೆಲ್ಲ ಮುಖ ಆಚೆ ತಿರುಗಿಸಿದ್ದರಿಂದ ಯಾರೂ ನೋಡಲಿಲ್ಲ. ತಾನು ಸಾಯುವ ತನಕ ಈ ಕೆಂಪು ಸವೆಯಬಾರದು, ಅಷ್ಟೇ ಅವಳ ಮನಸ್ಸಿನಲ್ಲಿ ಇದ್ದುದು. ಅದು ಕಳ್ಳತನ ಎಂದು ಅವಳಿಗೆ ಗೊತ್ತಿತ್ತು. ಕದ್ದಳು.

ಪರೀಕ್ಷೆಯ ದಿನ ಬಂತು. ಅವಳು ಕಣ್ಣು ಮುಚ್ಚಿ ಬೆರಳಿಟ್ಟಳು. ದುಡಿಯುವ ಹುಡುಗನ ಮುಂಗೈ ನರದ ಹಾಗೆ ಕೆಂಪು ಬೆರಳಿಗೆ ಸಿಕ್ಕಿತು. 'ಎದ್ದಿದೆ' ಎಂದಳು. ಮುಂದಿನ ವಸಂತದಲ್ಲೂ 'ಎದ್ದಿದೆ' ಎಂದಳು. ಅದರ ಮುಂದಿನದರಲ್ಲೂ. ಪ್ರತಿ ಸಲವೂ ಮುಖದಲ್ಲಿ ದುಃಖ, ಒಳಗೆ ಒಂದು ಗುಟ್ಟಿನ ಸಂತೋಷ. ಅವಳ ಮಗನ ಹೂವಿನ ಜೊತೆಗೇ ಗೋಡೆಗೆ ಬಂದಿದ್ದ ದಾಳಿಂಬೆಗಳೂ ಕಾರ್ನೇಷನ್‌ಗಳೂ ಒಂದೋ ಎರಡೋ ವರ್ಷಕ್ಕೆ ಸಮವಾಗಿ ಆ ಮನೆಗಳಲ್ಲಿ ಮದುವೆ, ಹಾಡು, ತೊಟ್ಟಿಲು ಎಲ್ಲ ಆದವು. 'ಆ ಹುಡುಗನಿಗೆ ಅದೇನು ಹಠವೋ, ಇಷ್ಟು ವರ್ಷ ಆದರೂ ಜಗ್ಗುತ್ತಿಲ್ಲ' ಎಂದು ಊರಿನವರು ಬಾವಿಯ ಹತ್ತಿರ ಆಡಿಕೊಂಡರು. ಅವಳು ಕೇಳಿಸಿಕೊಂಡು ಕೊಡ ಎತ್ತಿಕೊಂಡು ಬಂದಳು. ಬೆಳಗಾದರೆ ಹೊಸ್ತಿಲ ಮೇಲೆ ನಿಂತು ಮಗನ ಹೆಸರು ಹಿಡಿದು ಒಮ್ಮೆ ಕರೆಯುತ್ತಿದ್ದಳು, ಊಟಕ್ಕೆ ಕರೆದ ಹಾಗೆ. ಕರೆಯುವ ಹಕ್ಕು ಅವಳಿಗೆ ಇನ್ನೂ ಇತ್ತು. ಅವಳಿಗೆ ಅಷ್ಟು ಸಾಕಿತ್ತು.

ಮಗಳಿಗೆ ಸಾಕಿರಲಿಲ್ಲ.

ಆಚೆ ದಡದಿಂದ ನಿಂಬೆಹಣ್ಣು ತುಂಬಿಕೊಂಡು ಬರುವ ಒಬ್ಬ ದೋಣಿಯವನಿದ್ದ. ಅಣ್ಣ ಬದುಕಿದ್ದಾಗಲೇ ಅವರಿಬ್ಬರಿಗೆ ಮದುವೆ ಎಂದು ಮಾತಾಗಿತ್ತು. ದುಃಖದ ಮನೆಯ ಹುಡುಗಿ ದೋಣಿ ಹತ್ತುವಂತಿಲ್ಲವಲ್ಲ, ಅವನು ಕಾದ. ಅವಳು ಕಾಯುತ್ತ ಸುಮ್ಮನೆ ಕೂರಲಿಲ್ಲ, ದಿನಾ ಗೋಡೆಯ ಮುಂದೆ ಹೋಗಿ ಅಣ್ಣನ ಹೂವನ್ನು ತೀಡಿದಳು. ಊರಿನ ಬೇರೆಯವರು ತಂತಮ್ಮ ಹೂವಿಗೆ ಬೆರಳು ತಾಗಿಸಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಅವಳು ಪಾತ್ರೆಯ ಕರಿ ಉಜ್ಜುವ ಹಾಗೆ ಉಜ್ಜುತ್ತಿದ್ದಳು. ತಪ್ಪೇನಿದೆ, ಸಮವಾಗಬೇಕು ಎಂದು ನಿಯಮವೇ ಹೇಳುತ್ತದೆ. ಬೆರಳು ಸಿಪ್ಪೆ ಸುಲಿಯಿತು, ರಕ್ತ ಬಂತು, ಗಾಯ ಮಾಯಿತು, ಮತ್ತೆ ಸುಲಿಯಿತು.

ಈ ವಸಂತದಲ್ಲಿ ಮೊಗ್ಗು ಬಿಡಲು ಇನ್ನೇನು ಕೆಲವೇ ದಿನ ಇರುವಾಗ ದೋಣಿಯವನು ಅಂಗಳಕ್ಕೆ ಬಂದು ಕೆಂಪಿಡುವವಳ ಎದುರು ನಿಂತ. ತಲೆಯ ಮೇಲಿನ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಅಪ್ಪ ಹಾಸಿಗೆ ಹಿಡಿದಿದಾರೆ. ಸೊಸೆ ಕೈಯಿಂದ ಒಂದು ಲೋಟ ನೀರು ಕುಡಿದು ಕಣ್ಣು ಮುಚ್ಚಬೇಕು ಅಂತಾರೆ. ಈ ಸಲವೂ ಎದ್ದಿದೆ ಅಂತಾದರೆ ಮನೆಯವರು ಬೇರೆ ಹುಡುಗಿ ನೋಡ್ತಾರೆ. ಬೇಡ ಅನ್ನೋಕೆ ನನ್ನ ಹತ್ರ ಮಾತೇ ಉಳಿದಿಲ್ಲ."

ಅವಳು ಅರೆಯುವ ಕಲ್ಲನ್ನೇ ನೋಡುತ್ತ, "ಹೂವು ನನ್ನ ಮಾತು ಕೇಳುತ್ತಾ ಮಗಾ?" ಎಂದಳು.

ಮಗಳು ಮಣ್ಣು ಸೋಸುತ್ತಿದ್ದವಳು ತಲೆಯೆತ್ತಿ ನಕ್ಕಳು. "ಹೆದರಬೇಡಿ ಇಬ್ಬರೂ. ಈ ಸಲ ಆಗಿಬಿಡುತ್ತೆ. ಮೊದಲೆಲ್ಲ ಬೆರಳಿಗೆ ಒರಟೊರಟಾಗಿ ಸಿಗ್ತಿತ್ತು. ಈಚೆಗೆ ಏನೂ ಸಿಗೋದೇ ಇಲ್ಲ. ಎಷ್ಟು ತೀಡಿದೀನಿ ಗೊತ್ತಾ ನಾನು!"

ತಾಯಿ ಅರೆಯುವ ಕಲ್ಲು ಬಿಟ್ಟು ಎದ್ದಳು. ಕೈ ತೊಳೆಯದೆ ಗುಮ್ಮಟದ ಮನೆಗೆ ಓಡಿದಳು. ಕಣ್ಣು ಮುಚ್ಚಿ ಬೆರಳಿಟ್ಟಳು. ಕೆಂಪು ಇದ್ದ ಹಾಗೇ ಇತ್ತು, ಒಂದು ಕೂದಲಿನಷ್ಟೂ ಇಳಿದಿರಲಿಲ್ಲ. ಅಬ್ಬಾ ಎಂದುಕೊಂಡಳು. ಹುಡುಗಿ ಆಸೆಯ ಭರದಲ್ಲಿ ಏನೋ ಅಂದಿದ್ದಾಳೆ ಎಂದುಕೊಂಡು ಸಮಾಧಾನದಿಂದ ಮನೆಗೆ ಬಂದಳು.

ಮನೆಯಲ್ಲಿ ಮಗಳು ರೊಟ್ಟಿ ಬೇಯಿಸುತ್ತಿದ್ದಳು. ಒಲೆಯ ಬಾಯಿಂದ ಒಂದು ಕೆಂಡ ಜಾರಿ ರೊಟ್ಟಿಯ ಬುಟ್ಟಿಯ ಅಂಚಿಗೆ ಬಿತ್ತು. ಮಗಳು ಏನೂ ಆಗದವಳ ಹಾಗೆ ಅದನ್ನು ತೋರುಬೆರಳಿನಿಂದ ನೂಕಿ ನೂಕಿ ಒಲೆಯೊಳಕ್ಕೆ ಸೇರಿಸಿದಳು. ಚುರ್ರೆಂದಿತು, ಚರ್ಮ ಸುಟ್ಟ ವಾಸನೆ ಬಂತು. ಅವಳು ರೊಟ್ಟಿ ಮಗುಚಿ ಹಾಕಿ, "ಎಲ್ಲಿಗೆ ಓಡಿಹೋಗಿದ್ದೆ ಅಮ್ಮಾ?" ಎಂದು ಕೇಳಿದಳು.

ತಾಯಿ ಅವಳ ಕೈಯನ್ನು ಎಳೆದು ತಿರುಗಿಸಿ ನೋಡಿದಳು. ಬೆರಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಹುಟ್ಟಿದಾಗ ಆ ಬೆರಳುಗಳನ್ನು ಎಷ್ಟು ಸಲ ಎಣಿಸಿದ್ದಳು, ಅವುಗಳ ಮೇಲಿನ ಸುಳಿಗೆ ಎಷ್ಟು ಸಲ ಮುತ್ತಿಟ್ಟಿದ್ದಳು. ಈಗ ಅಲ್ಲಿ ಸುಳಿಯೂ ಇಲ್ಲ, ನೋವೂ ಇಲ್ಲ. ಬೆರಳು ಕೆಂಪನ್ನು ಸವೆಸಲು ಹೋಗಿ ತಾನೇ ಸವೆದುಹೋಗಿತ್ತು.

"ನೋಯಲ್ವಾ?" ಎಂದಳು ತಾಯಿ.

"ಯಾವುದು?" ಎಂದಳು ಮಗಳು.

ತಾಯಿಗೆ ಆಗ ಬಂದ ಅಳು ಮಗ ಸತ್ತಾಗಲೂ ಬಂದಿರಲಿಲ್ಲ. ಸತ್ತವನನ್ನು ಹಿಡಿದುಕೊಳ್ಳುವುದಕ್ಕೆ ಬದುಕಿರುವವಳನ್ನು ತೇಯ್ದೆನಲ್ಲ ಎಂದು ಒಲೆಯ ಮುಂದೆ ಕೂತು ಅತ್ತಳು. ಹೊಗೆಗೆ ಕಣ್ಣೀರು ಬಂತು ಎಂದು ಮಗಳು ಬಾಗಿಲು ತೆರೆದಿಟ್ಟಳು.

ಮರುದಿನ ಬೆಳಿಗ್ಗೆ ಕೆಂಪಿಡುವವಳು ಗೋಡೆ ಕಾಯುವ ಮುದುಕನ ಹತ್ತಿರ ಹೋದಳು. ಅವನು ಒದ್ದೆ ಬಟ್ಟೆಯಿಂದ ಹೂಗಳ ಧೂಳು ಒರೆಸುತ್ತಿದ್ದ.

"ಅಜ್ಜಾ, ನಾನು ಕದ್ದಿದೀನಿ. ಮಗನ ಹೂವಿಗೆ ಒಂದರ ಮೇಲೆ ಒಂದು ಮೂರು ಸಲ ಕೆಂಪಿಟ್ಟೆ. ಎಲ್ಲರದೂ ಸವೆದು ನನ್ನದು ಮಾತ್ರ ಉಳಿದಿರೋದು ಅದಕ್ಕೇ. ನನಗೆ ಏನು ಶಿಕ್ಷೆ ಬೇಕಾದರೂ ಕೊಡಿ. ಬಿಲ್ಲೆ ಕಿತ್ತುಹಾಕಿ ಬೇಕಾದರೆ. ಹುಡುಗಿಯನ್ನು ಬಿಟ್ಟುಬಿಡಿ."

ಮುದುಕ ಬಟ್ಟೆ ಹಿಂಡಿ ಕಿಟಕಿಯ ಮೇಲೆ ಹಾಕಿದ. ಆಮೇಲೆ, "ಕೈ ಕೊಡವ್ವಾ" ಎಂದ.

ಅವಳ ಕೈ ಹಿಡಿದು ಪಕ್ಕದ ದಾಳಿಂಬೆಯ ಮೇಲೆ ಇಟ್ಟ. ಅವಳು ಬೆಂಕಿ ತಾಗಿದವಳ ಹಾಗೆ ಕೈ ಸೆಳೆದುಕೊಂಡಳು. ಬೇರೆಯವರ ಸತ್ತವರನ್ನು ಮುಟ್ಟುವಂತಿಲ್ಲವಲ್ಲ. "ಇಡು, ನಾನು ಹೇಳ್ತಿದೀನಿ" ಎಂದ. ಇಟ್ಟಳು. ಕಾಳುಗಳ ಕೆಂಪು ಬೆರಳಿಗೆ ಸಿಕ್ಕಿತು, ಉಬ್ಬಿ ನಿಂತಿತ್ತು. ಅವನು ಕೈಯನ್ನು ಕಾರ್ನೇಷನ್‌ಗೆ ಒಯ್ದ. ನಿಂತಿತ್ತು. ಗರಗಸದ ಎಲೆಯ ನಡುವಿನ ಕೆಂಪು ಎಳೆ ನಿಂತಿತ್ತು. ಹುಲಿಪಟ್ಟೆಯ ಮೇಲಿನ ಮೂರು ಬೊಟ್ಟುಗಳು ನಿಂತಿದ್ದವು. ಅವಳ ಕಾಲಕ್ಕಿಂತ ಮುಂಚೆ, ಅವಳಿಗೆ ಹೆಸರೂ ಗೊತ್ತಿಲ್ಲದ ಕೈಗಳು ಕೆಂಪಿಟ್ಟ ಹಳೆಯ ಹೂಗಳ ಕಡೆಗೆ ಕರೆದೊಯ್ದ. ಅವುಗಳ ನೀಲಿ ಮಂಕಾಗಿತ್ತು, ಬಿಳಿ ಬಿರುಕು ಬಿಟ್ಟಿತ್ತು. ಕೆಂಪು ನಿಂತಿತ್ತು. ಗೋಡೆಯ ಈ ತುದಿಯಿಂದ ಆ ತುದಿಯ ತನಕ ಅವಳ ಬೆರಳು ಹೋಯಿತು, ಒಂದೇ ಒಂದು ಹೂವು ಸಮವಾಗಿರಲಿಲ್ಲ.

"ಮತ್ತೆ ಎಲ್ಲರೂ... ಸಮವಾಯಿತು ಅಂದರಲ್ಲ ಅಜ್ಜಾ?"

"ಅಂದರು."

"ನೀವೂ ಅಂದಿರಿ."

"ನಾನೂ ಅಂದೆ. ಬೆಂಕಿಯಲ್ಲಿ ಬೆಂದಿದ್ದು ಬೆರಳಿಗೆ ಸವೆಯುತ್ತಾ ಮಗಳೇ? ಒಂದು ದಿನ ಬರ್ತಾರೆ, ಕಣ್ಣು ಮುಚ್ತಾರೆ, ಬೆರಳಿಗೆ ಸಿಗ್ತಾನೇ ಇರುತ್ತೆ, ಆದರೂ ಸಮವಾಯಿತು ಅಂತಾರೆ. ಮನೇಲಿ ಯಾರೋ ಮದುವೆಗಿರ್ತಾರೆ, ಯಾರೋ ಬಸುರಿ ಇರ್ತಾಳೆ. ಅಂದುಬಿಟ್ಟು ಮನೆಗೆ ಹೋಗ್ತಾರೆ. ತಾನೊಬ್ಬನೇ ಸುಳ್ಳು ಹೇಳಿದೆ ಅನ್ನೋ ಅಳುಕು ಪ್ರತಿಯೊಬ್ಬರಿಗೂ. ಅದಕ್ಕೇ ಯಾರೂ ಯಾರಿಗೂ ಹೇಳಲ್ಲ. ನಿನಗೂ ಯಾರೂ ಹೇಳಲಿಲ್ಲ." ಅವನು ಕಿಟಕಿಯ ಕೆಳಗಿನ ಒಂದು ಕಾರ್ನೇಷನ್ ತೋರಿಸಿದ. "ಅದು ನನ್ನ ಹೆಂಡತಿ. ಸಮವಾಯಿತು ಅಂದವನು ನಾನೇ. ದಿನಾ ಧೂಳು ಒರೆಸ್ತೀನಿ. ಹೆಸರು ಹಿಡಿದು ಕರೆಯೋ ಹಾಗಿಲ್ಲ, ಅಷ್ಟೇ."

ಅವಳು ಅಲ್ಲೇ ಗೋಡೆಗೆ ಒರಗಿ ಕೂತಳು. ಊರಿನವರ ಮೇಲೆ ಅವಳಿಗೆ ಕೆಂಡದಂಥ ಕೋಪ ಬಂತು. ಒಬ್ಬರಾದರೂ, ಬಾವಿಯ ಹತ್ತಿರ ನಿಂತು ಮಗನ ಹಠದ ಮಾತಾಡಿದವರಲ್ಲಿ ಒಬ್ಬರಾದರೂ, ಅಷ್ಟು ಉಜ್ಜಬೇಡ ಮಗಳೇ ಎಂದು ಹುಡುಗಿಯ ಕೈ ಹಿಡಿದಿದ್ದರೆ ಏನಾಗುತ್ತಿತ್ತು? ಆಮೇಲೆ ಆ ಕೋಪವೂ ಹೋಯಿತು. ತಾನೇ ಹಿಡಿಯಲಿಲ್ಲ, ಬೇರೆಯವರನ್ನು ಅಂದು ಏನು ಬಂತು. ಗೋಡೆಯ ತುಂಬ ಹೂಗಳು ಅರಳಿಕೊಂಡಿದ್ದವು, ಅಷ್ಟೂ ಸುಳ್ಳು, ಅಷ್ಟೂ ಪ್ರೀತಿ, ಯಾವುದೂ ಬಾಡಿರಲಿಲ್ಲ.

ತೋಟದಲ್ಲಿ ಮೊಗ್ಗು ಬಿಟ್ಟಿತು. ಊರು ಗುಮ್ಮಟದ ಮನೆಯಲ್ಲಿ ಸೇರಿತು. ದೋಣಿಯವನು ದೋಣಿಯನ್ನು ಕಟ್ಟೆಗೆ ಕಟ್ಟಿ ಬಾಗಿಲ ಹೊರಗೆ ನಿಂತಿದ್ದ. ಮಗಳು ಒಳಗೆ ಹೆಂಗಸರ ನಡುವೆ ನಿಂತಿದ್ದಳು. ಕೆಂಪಿಡುವವಳು ಅವತ್ತು ಬೆಳಿಗ್ಗೆ ಹೊಸ್ತಿಲ ಮೇಲೆ ಮಗನ ಹೆಸರನ್ನು ಒಂದು ಸಲ ಕರೆಯುವ ಬದಲು ಬಾಯಿ ಒಣಗುವಷ್ಟು ಸಲ ಕರೆದು ಬಂದಿದ್ದಳು. ಮುದ್ದಿಗೆ ಕರೆಯುತ್ತಿದ್ದುದು, ಸಿಟ್ಟಿಗೆ ಕರೆಯುತ್ತಿದ್ದುದು, ಬೆಟ್ಟದಿಂದ ಬರುವುದು ತಡವಾದರೆ ಕೈ ಅಡ್ಡ ಹಿಡಿದು ಕೂಗುತ್ತಿದ್ದುದು, ಎಲ್ಲವನ್ನೂ.

ಅವಳ ಸರದಿ ಬಂತು. ಕಣ್ಣು ಮುಚ್ಚಿ ಬೆರಳಿಟ್ಟಳು.

ಅವನು ಅಲ್ಲಿದ್ದ. ಬುಡದ ಬಳಿ ದಪ್ಪ, ತುದಿಯ ಕಡೆಗೆ ಸಣ್ಣ, ಅವಳೇ ಇಟ್ಟ ಕೆಂಪು, ಅವನೇ ಅಗೆದ ಮಣ್ಣು. ಬೆರಳನ್ನು ದಂಟಿನಿಂದ ಎಸಳಿನ ತುದಿಯ ತನಕ ಒಮ್ಮೆ ಒಯ್ದಳು, ಹಣೆಯಿಂದ ಕೂದಲು ಸರಿಸಿದ ಹಾಗೆ.

"ಸಮವಾಯಿತು" ಎಂದಳು.

ಮುದುಕ ಮುಂದೆ ಬಂದು ಬೆರಳಿಟ್ಟ. ಇಟ್ಟು, ತೆಗೆಯಲು ತಡಮಾಡಿದ. "ಸಮವಾಯಿತು" ಎಂದ. ಬಾಗಿಲಿಗೆ ಹೋಗಿ ಕಡಲಿನ ಕಡೆಗೆ ಆ ಹೆಸರನ್ನು ಕೂಗಿದ. ಅವನ ಮುದಿ ಗಂಟಲಲ್ಲಿ ಅದು ಬೇರೆ ಯಾರದೋ ಹೆಸರಿನ ಹಾಗೆ ಕೇಳಿಸಿತು. ಗುಂಪಿನಲ್ಲಿ ಕೂಸು ಎತ್ತಿಕೊಂಡಿದ್ದ ಒಬ್ಬ ಬಾಣಂತಿ, "ಒಳ್ಳೆ ಹೆಸರು, ನಮ್ಮವನಿಗೆ ಇಡೋಣ" ಎಂದು ಗಂಡನ ಕಿವಿಯಲ್ಲಿ ಹೇಳಿದ್ದು ಅವಳಿಗೆ ಕೇಳಿಸಿತು. ಅವಳ ತುಟಿ ತಾನಾಗಿ ಆ ಹೆಸರಿಗೆ ತೆರೆದುಕೊಂಡಿತು. ಮುಚ್ಚಿಕೊಂಡಳು.

ಜನ ಹೊರಗೆ ನಡೆದರು. ಯಾರೂ ಅವಳ ಮುಖ ನೋಡಲಿಲ್ಲ, ಒಬ್ಬೊಬ್ಬರೂ ತಂತಮ್ಮ ಹೂವಿನ ಕಡೆಗೆ ಒಂದು ಕಣ್ಣು ಹಾಯಿಸಿ ಹೋದರು. ಮಗಳು ಮಾತ್ರ ಓಡಿ ಬಂದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು.

"ನಿಜವಾಗಲೂ ಅಮ್ಮಾ? ನನಗೋಸ್ಕರ ಹಾಗಂದೆಯಾ?"

"ನೀನೇ ನೋಡು" ಎಂದುಬಿಟ್ಟಳು ತಾಯಿ. ಅಂದ ಮೇಲೆ ಅವಳಿಗೆ ನೆನಪಾಯಿತು. ಹುಡುಗಿಗೆ ಇನ್ನೂ ಒಂಬತ್ತು ಬೆರಳುಗಳಿದ್ದವು.

ಮಗಳು ಕಣ್ಣು ಮುಚ್ಚಿದಳು. ವರ್ಷಗಟ್ಟಲೆ ಅಭ್ಯಾಸವಾದ ತೋರುಬೆರಳನ್ನೇ ಅಣ್ಣನ ಹೂವಿನ ಮೇಲೆ ಇಟ್ಟಳು. ಎಸಳಿನ ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ನಿಧಾನವಾಗಿ ಆಡಿಸಿದಳು. ಬೆಳಕಿನಲ್ಲಿ ಆ ಕೆಂಪು ಅವಳ ಬೆರಳಿನ ಎರಡೂ ಬದಿಗೆ ಎದ್ದು ಹೊಳೆಯುತ್ತಿದ್ದುದನ್ನು ತಾಯಿ ನೋಡಿದಳು.

"ಹೌದಮ್ಮಾ" ಎಂದಳು ಮಗಳು. "ಏನೂ ಇಲ್ಲ. ಎಷ್ಟು ನುಣುಪಾಗಿದೆ!"

"ಹೂಂ" ಎಂದಳು ತಾಯಿ. ಮಗಳ ಆ ಕೈಯನ್ನು ಗೋಡೆಯಿಂದ ತೆಗೆದು, ತನ್ನ ಎರಡೂ ಕೈಗಳಲ್ಲಿ ಒಂದು ಕ್ಷಣ ಹಿಡಿದುಕೊಂಡು ಬಿಟ್ಟಳು. "ಹೋಗು ಇನ್ನು. ದೋಣಿಯವರು ಕಾಯ್ತಿದಾರೆ."